ಬಿ ಖರಾಬು

ನಕ್ಷೆಯಲ್ಲಿ ನೀನು ಎರಡು ಗೆರೆ, ನಡುವೆ ಒಂದು ಬಾಣ.
ಹರಿಯುವ ದಿಕ್ಕಿಗೆಂದು ಯಾರೋ ಹಳೇ ಗುಮಾಸ್ತ
ಮಸಿಯಲ್ಲಿ ಕಡ್ಡಿ ಅದ್ದಿ ಎಳೆದದ್ದು.
ಪಹಣಿಯಲ್ಲಿ ನಿನಗೆ ಹೆಸರಿಲ್ಲ.
ಬಿ ಖರಾಬು, ಹನ್ನೊಂದು ಗುಂಟೆ:
ಉಳಲಾಗದ್ದು, ಕಂದಾಯವಿಲ್ಲದ್ದು.
ಖರಾಬು ಅಂತ ಬರೆದಿಟ್ಟ ಮೇಲೆ
ಖರಾಬು ಮಾಡುವುದು ಎಷ್ಟು ಹೊತ್ತಿನ ಕೆಲಸ?

ಸರ್ವೆ ಇಲಾಖೆಯವಳು ನಾನು.
ಬೋಗಾದಿ ರಸ್ತೆ ಬಿಟ್ಟು ಒಳಕ್ಕೆ, ಬಡಾವಣೆಯಲ್ಲಿ
ಟೇಪು ಹಿಡಿದು ನಿನ್ನ ಹುಡುಕುತ್ತಿದ್ದೆ.
ಮೊದಲ ಬಾಂದುಕಲ್ಲು ಸಿಕ್ಕಿತು
ಇಸ್ತ್ರಿ ಗಾಡಿಯ ಚಕ್ರಕ್ಕೆ ಒತ್ತಾಗಿ.
ಎರಡನೆಯದು ಅರಳಿಕಟ್ಟೆ ಹತ್ತಿ
ಕುಂಕುಮ ಬಳಿಸಿಕೊಂಡು ದೇವರಾಗಿತ್ತು;
ಚಪ್ಪಲಿ ಬಿಟ್ಟು ಅಳತೆ ತೆಗೆದೆ.
ಮೂರನೆಯದು ಸಿಗಲೇ ಇಲ್ಲ.

ನೀರುಗಂಟಿ ಕೆಂಡಗಣ್ಣಯ್ಯನವರನ್ನು ಕರೆಸಿದರು.
ಎಪ್ಪತ್ತೆಂಟು ವರ್ಷ, ಕಿವಿಯಲ್ಲಿ ಅರ್ಧ ಬೀಡಿ.
"ನಿಮ್ ಪಟ ಮಡಚ್ಕಳಿ ಕಣವ್ವ,
ಗೋಡೆ ಓದಾನ."
ಮನೆ ಮನೆಯ ಪಾಯದ ಬಳಿ ಕೂತು
ಅಂಗೈ ಒತ್ತಿ ನೋಡುತ್ತ ನಡೆದರು,
ಎಮ್ಮೆಯ ಹೊಟ್ಟೆ ಮುಟ್ಟಿ ಕರುವಿನ ತಲೆ ಎಲ್ಲಿದೆ ಎನ್ನುವವರ ಹಾಗೆ.
"ಈ ಮನೇಗೆ ವರ್ಸ ವರ್ಸ ಬಣ್ಣ ಹೊಡಸ್ತೀರಿ, ಅಲ್ವಾ?"
ಗೇಟಿನ ಹೆಂಗಸು ಬೆರಗಾಗಿ ತಲೆಯಾಡಿಸಿದಳು.
"ಇಲ್ಲಿ ಎಡಕ್ಕೆ ತಿರುಗ್ತಿತ್ತು.
ತಿರುವಲ್ಲಿ ನೀರು ಮೈ ಉಜ್ಜತದೆ."

ಹಳದಿ ಕಲೆಯಿಂದ ಹಳದಿ ಕಲೆಗೆ
ಏಳನೇ ಅಡ್ಡರಸ್ತೆ. ಇನ್ನೂರ ಹದಿನಾಲ್ಕು.
ನಮ್ಮ ಮನೆ.
ಸಾಲದ ಕಂತು ಇನ್ನೂ ಹದಿನೇಳು ಬಾಕಿ.
ಬಚ್ಚಲ ಗೋಡೆ ಪ್ರತಿ ಆಷಾಢಕ್ಕೂ ಬೊಬ್ಬೆ ಎದ್ದು,
ಗಾರೆಯವನು ಮೂರು ಸಲ ಬಂದು ಹೋಗಿ,
ಅತ್ತೆ ದೃಷ್ಟಿಯೆಂದು ಬೂದುಗುಂಬಳ ಕಟ್ಟಿದ್ದರು.
ಕೆಂಡಗಣ್ಣಯ್ಯ ಅಂಗೈಯಿಟ್ಟರು. ಏನೂ ಹೇಳಲಿಲ್ಲ.
ಕುಡಿಯಲು ನೀರು ಕೇಳಿದರು.

ಮೂರೂವರೆ ಅಡಿ.
ನಲವತ್ತು ಜನರ ಹೆಸರು ಬರೆದ ಕಾಲಮಿನಲ್ಲಿ
ನನ್ನದನ್ನೂ ಬರೆದೆ; ಇನಿಷಿಯಲ್ಲು ತಪ್ಪಿತು, ತಿದ್ದಿದೆ.
ಕೆಂಪು ಬಣ್ಣದ ಡಬ್ಬಿ ತೆರೆದಾಗ
ಅತ್ತೆ ತಾಯಮ್ಮಣ್ಣಿ ಬಾಗಿಲಲ್ಲಿ ನಿಂತಿದ್ದರು.
"ನಿನ್ ಗೋಡೆಗೆ ನೀನೇ ಹಾಕ್ಕತೀಯಾ?"
"ಬೇರೆಯವರು ಹಾಕಿದ್ರೆ ನಾಲ್ಕಡಿ ಅಂತಾರೆ" ಎಂದೆ.

ಜೆಸಿಬಿಯ ಇಮ್ದಾದ್ ಚಪ್ಪಡಿ ಎತ್ತಿದ ದಿನ
ಬೀದಿಗೆ ಬೀದಿಯೇ ಕಿಟಕಿ ಮುಚ್ಚಿತು.
ನಾವೇ ಕಳಿಸಿದ್ದು, ನಮಗೇ ಹೇಸಿಗೆ.
ಹೂಳಿನೊಳಗೆ ಸೈಕಲ್ ರಿಮ್ಮು, ಒಲೆಯ ಬರ್ನರು,
ದಸರೆ ಗೊಂಬೆಯೊಂದರ ತಲೆ, ಇನ್ನೂ ನಗುತ್ತಿದ್ದದ್ದು.
ಒಳಚರಂಡಿ ಪೈಪು ಬೇರೆ ಮಾಡಲು ಎಂಟು ತಿಂಗಳು, ಎರಡು ಟೆಂಡರು.
ತಳಕ್ಕೂ ಕಾಂಕ್ರೀಟು ಎಂದರು ಇಂಜಿನಿಯರು.
"ಸಿಮೆಂಟಿನ ಮ್ಯಾಲೆ ನೀರು ಓಡೋಯ್ತದೆ.
ಒಸಿ ನಿಂತ್ಕಂಡು ಮಾತಾಡ್ದೆ
ಮಣ್ಣೊಳಕ್ಕೆ ಹೆಂಗೆ ಇಳೀತದೆ ಸ್ವಾಮಿ?"
ಅರ್ಧ ಕೇಳಿದರು. ಮೇಲುಭಾಗ ಸಿಮೆಂಟು,
ನಮ್ಮ ಬೀದಿಯಿಂದ ಕೆಳಕ್ಕೆ ಕಲ್ಲು, ಲಾವಂಚ.

ಭರಣಿ ಮಳೆಗೆ ನೀನು ಬಂದೆ.
ಮುಂದೆ ಹಾಲಿನ ಕವರು, ಒಂಟಿ ಚಪ್ಪಲಿ,
ಹಿಂದೆ ಕೆಂಪು ನೀರು.
ಕೆರೆ ತುಂಬಲಿಲ್ಲ. ಕೆರೆಯ ತಳ ಒದ್ದೆಯಾಯಿತು.
ಮೂರನೇ ವಾರ ಲಾವಂಚದ ಬುಡದಲ್ಲಿ ಒಂದು ಏಡಿ
ನನ್ನ ಟೇಪಿನ ತುದಿ ಹಿಡಿದು ಎಳೆಯಿತು.

ಈಗ ಬಚ್ಚಲಲ್ಲಿ ಹಂಡೆಯಿಟ್ಟರೆ ಬಕೀಟಿಗೆ ಜಾಗವಿಲ್ಲ.
ಅತ್ತೆ ಗೊಣಗುತ್ತಾರೆ, ಗೊಣಗುತ್ತಲೇ
ಹೊಸ ಗೋಡೆಗೆ ಕೈಯಿಟ್ಟು ನೋಡುತ್ತಾರೆ: ಆಷಾಢ ಕಳೆಯಿತು, ಒಣ.

ಪಹಣಿಯಲ್ಲಿ ನೀನಿನ್ನೂ ಖರಾಬೇ.
ಆ ಕಾಲಮು ತಿದ್ದುವ ಅಧಿಕಾರ ನನಗಿಲ್ಲ.
ಹೆಸರೇನಿತ್ತು ಅಂತ ಕೇಳಿದ್ದಕ್ಕೆ ಕೆಂಡಗಣ್ಣಯ್ಯ ನಕ್ಕರು.
"ಹೆಸರೇನವ್ವ, ಹಳ್ಳ ಅಂತಿದ್ವಿ. ಬತ್ತಿತ್ತು."
ಬರುತ್ತಿತ್ತು ಎನ್ನಲೂ, ಒಣಗಿತ್ತು ಎನ್ನಲೂ
ನಮ್ಮ ಸೀಮೆಯಲ್ಲಿ ಅದೊಂದೇ ಮಾತು.
ಯಾವುದೆಂದು ಕೇಳಲಿಲ್ಲ.
ಷರಾದಲ್ಲಿ ಹಾಗೇ ಬರೆದುಕೊಂಡೆ,
ಪೆನ್ಸಿಲಿನಲ್ಲಿ.