ಎರಡನೆಯ ಟಿಕ್

ವರ್ಷಕ್ಕೊಮ್ಮೆ, ಪರೀಕ್ಷೆ ಮುಗಿದ ಏಪ್ರಿಲ್‌ನಲ್ಲಿ,
ಫಿಲೋಮಿನಾ ಮೇಡಂ ಬರುತ್ತಾರೆ ಕಬ್ಬನ್‌ಪೇಟೆಯ ನಮ್ಮ ಓಣಿಗೆ.
ಆಟೋ ಒಳಗೆ ಬರದು; ಜರಿ ಅಂಗಡಿಯ ಮೂಲೆಯಲ್ಲಿ ನಿಂತು
ಫೋನು ಮಾಡುತ್ತಾರೆ: ಇನ್ನೂರ ಹನ್ನೊಂದು ಸಿದ್ಧವೇ?
ಇಲ್ಲ, ಹಾಗನ್ನುವುದಿಲ್ಲ ಅವರು. "ಪುಟ್ಟಿ ರೆಡಿಯಾ?" ಅನ್ನುತ್ತಾರೆ.
ಇನ್ನೂರ ಹನ್ನೊಂದು ಇರುವುದು ಫೈಲಿನ ಬೆನ್ನ ಮೇಲೆ.

ಮೊದಲ ಸಲ ನನಗೆ ಏಳು.
ಆಸ್ಪತ್ರೆಯಲ್ಲಿ ತಲೆಗೆ ರಬ್ಬರ್ ಟೋಪಿ, ಕೂದಲ ಬುಡಕ್ಕೆ
ಮೂರು ಸಲ ಸೀಗೆಪುಡಿ ತಿಕ್ಕಿದರೂ ಹೋಗದ ಅಂಟು.
ಕಿವಿಯೊಳಗೆ ಟಿಕ್. ಅರೆಚಣ ಬಿಟ್ಟು ಇನ್ನೊಂದು ಟಿಕ್.
ಎರಡನೆಯದನ್ನು ಮೆದುಳು ಕಡೆಗಣಿಸಬೇಕಂತೆ,
ಗೊತ್ತು ಬಿಡು, ಈಗಷ್ಟೇ ಬಂದಿದ್ದೆಯಲ್ಲ, ಎಂದು
ಬಾಗಿಲು ಅರ್ಧ ಮುಚ್ಚಬೇಕಂತೆ.

ಅಮ್ಮನ ಬಾಗಿಲಿಗೆ ಅಗುಳಿಯೇ ಇಲ್ಲ.
ಕುಕ್ಕರಿನ ಎರಡನೆಯ ವಿಷಲ್ಲು ಅವಳಿಗೆ ಮೊದಲನೆಯದು,
ಮೂರನೆಯದೂ ಮೊದಲನೆಯದೇ.
ಪಕ್ಕದ ಮನೆಯ ನಾಲ್ಕು ಪವರ್‌ಲೂಮ್‌ಗಳ
ಒಂದೊಂದು ಬಡಿತವೂ ಹೊಸದಾಗಿ ಬಂದು
ಶಾಕಾಂಬರಿ, ಶಾಕಾಂಬರಿ, ಎಂದು ಕರೆಯುತ್ತದೆ.
"ಬಂದೆ" ಎನ್ನುತ್ತ ಏಳುತ್ತಾಳೆ, ಕೈಯ ಹಿಟ್ಟು ಒರೆಸಿಕೊಳ್ಳದೆ.

ನಾವೋ, ಆ ಸದ್ದಲ್ಲೇ ತೊಟ್ಟಿಲು ತೂಗಿಸಿಕೊಂಡವರು.
ಕರೆಂಟು ಹೋಗಿ ಮಗ್ಗ ನಿಂತರೆ
ಓಣಿಗೆ ಓಣಿಯೇ ಎಚ್ಚರಾಗುತ್ತದೆ,
ಅಮ್ಮ ಮಾತ್ರ ನಿದ್ದೆ ಹೋಗುತ್ತಾಳೆ.

ಪ್ರಶ್ನೆ ಪ್ರತಿವರ್ಷ ಅದೇ:
ಬೇರೆಯವರಿಗೆ ಕೇಳದ್ದು ನಿನಗೆ ಕೇಳಿಸುತ್ತಾ?
ಎಂಟಕ್ಕೆ "ಹೂಂ" ಅಂದೆ, ಇಲಿ ರೇಷ್ಮೆ ಕಡಿಯೋದು. ಬರೆದುಕೊಂಡರು.
ಹದಿನಾಲ್ಕಕ್ಕೆ "ಇಲ್ಲ" ಅಂದೆ, ತುಂಬ ಬೇಗ. ಅದನ್ನೂ ಬರೆದುಕೊಂಡರು.
ಅಣ್ಣ ನಾಗಭೂಷಣ, ಇನ್ನೂರ ಹತ್ತು,
"ನಾನು ಬೀಳಲಿ ಅಂತ ಕಾಯ್ತಿದ್ದೀರಾ?" ಎಂದು
ಟೋಪಿ ಕಿತ್ತಿಟ್ಟು ಎದ್ದುಹೋದ.
ಸೇಲಂನಲ್ಲಿ ಬಣ್ಣದ ಕೆಲಸ ಈಗ. ಚೆನ್ನಾಗಿದ್ದಾನೆ.
ಅದನ್ನು ಯಾರೂ ಬರೆದುಕೊಳ್ಳಲಿಲ್ಲ.

ಈ ಏಪ್ರಿಲ್‌ಗೆ ಹತ್ತೊಂಬತ್ತು. ಹೊಸಿಲಲ್ಲೇ ಕೇಳಿಬಿಟ್ಟೆ:
ಮೇಡಂ, ನನ್ನ ಎರಡನೆಯ ಟಿಕ್ ಏನನ್ನುತ್ತೆ?
ಕನ್ನಡಕ ತೆಗೆದು ದುಪಟ್ಟಾದಲ್ಲಿ ಒರೆಸಿದರು.
"ಒಬ್ಬೊಬ್ಬರದು ಹೇಳೋಕಾಗಲ್ಲ ಪುಟ್ಟಿ.
ನೂರಾರು ಮಕ್ಕಳನ್ನ ಕೂಡಿಸಿದರೆ ಏನೋ ಕಾಣುತ್ತೆ.
ಒಂದೆಳೆ ಹಿಡಿದು ಸೀರೆ ಯಾವುದು ಅನ್ನೋಕಾಗುತ್ತಾ?"

ನೇಕಾರನ ಮಗಳಿಗೆ ಈ ಮಾತು!
ಆಗುತ್ತೆ. ಅಪ್ಪ ಮುಟ್ಟಿ ನೋಡಿ ಹೇಳ್ತಾರೆ.

"ಎಲ್ಲಿ ತುಂಡಾಗುತ್ತೆ ಅಂತ?"

ಅದು ಹೇಳಲ್ಲ. ಅದಕ್ಕೇ ಮಗ್ಗದ ಪಕ್ಕ ನಿಂತಿರ್ತಾರೆ,
ಬೆರಳಿಗೆ ಬೂದಿ ಹಚ್ಚಿಕೊಂಡು.

ಒಳಗಿನಿಂದ ಅಮ್ಮ "ಬಂದೆ" ಅಂದಳು.
ಯಾರೂ ಕರೆದಿರಲಿಲ್ಲ.
ಆಮೇಲೆ ನಾನೇ ಕರೆದೆ.