ಹದಿನಾಲ್ಕನೇ ರೀಲು

ಸುಂಟಿಕೊಪ್ಪದಲ್ಲಿ, ಮೊಯ್ದು ಕಾಕಾನ ಕಾಳುಮೆಣಸಿನ ಅಂಗಡಿಯಲ್ಲಿ
ಶನಿವಾರದ ತೂಕ ಮುಗಿದ ಮೇಲೆ
ಗೋಣಿಚೀಲಗಳೇ ಕುರ್ಚಿ.
ಮೂರೇ ಮೂರು ಸಿನಿಮಾ ಬರೆದು ಸತ್ತ ಪಳಂಗಪ್ಪ
ಅಲ್ಲಿ ಇನ್ನೂ ಸತ್ತಿಲ್ಲ.

ಹವಾಲ್ದಾರ್ ಉತ್ತಯ್ಯ, ಸಿಗ್ನಲ್ಸ್‌ನಲ್ಲಿ ಇಪ್ಪತ್ತೆರಡು ವರ್ಷ,
ಮೀಸೆ ಒರೆಸಿ ಶುರುಮಾಡುತ್ತಾರೆ:
“ಆ ಗ್ರಹದಿಂದ ಒಂದು ಮಾತು ಬರಲು
ಹನ್ನೊಂದು ವರ್ಷ ಬೇಕು ಅಂತ ಅವನೇ ಬರೆಯುತ್ತಾನೆ.
ಮುಂದಿನ ಸೀನಿನಲ್ಲೇ ಹುಡುಗಿ ಹಲೋ ಅಂದರೆ
ಇವನು ಹೇಳು ಅನ್ನುತ್ತಾನೆ.
ನಮ್ಮಲ್ಲಾಗಿದ್ದರೆ ಕೋರ್ಟ್ ಮಾರ್ಷಲ್.”

ಚೋಂದಮ್ಮ ಟೀಚರ್ ಭೌತಶಾಸ್ತ್ರ ಕಲಿಸಿದವರು.
“ತಪ್ಪು ನನಗೂ ಗೊತ್ತು. ನಲವತ್ತೊಂದು, ಪಟ್ಟಿ ಇದೆ.
ಗಾಳಿಯಿಲ್ಲದ ಕಡೆ ಅವನ ಚಹಾ ಹಬೆಯಾಡುತ್ತದೆ.
ಆದರೆ ಒಂದು ಹಲೋಗೆ ಹನ್ನೊಂದು ವರ್ಷ ಅಂದರೆ
ಟಿಕೆಟ್ ಕೊಂಡವರು ಕಾಯುತ್ತಾರಾ, ಉತ್ತಯ್ಯ?”

ಮೊಯ್ದು ಕಾಕಾನಿಗೆ ಎರಡನೆಯದೇ ಇಷ್ಟ,
ಇರುವೆಗಳು ಮನುಷ್ಯರನ್ನು ತೂಗಿ ನೋಡುವ ಸಿನಿಮಾ.
“ಅದು ನೋಡಿದ ಮೇಲೆ ತಕ್ಕಡಿಗೆ ನಾನು ಬೆರಳಿಟ್ಟಿಲ್ಲ.”
“ಇಟ್ಟಿದ್ದೀರಿ,” ಎಂದಿತು ಚೀಲಗಳ ಹಿಂದಿನಿಂದ ಯಾರದೋ ದನಿ.

ಮೂವರೂ ಒಪ್ಪುವುದು ಒಂದೇ ಒಂದನ್ನು:
‘ಹದಿನೇಳನೇ ಗ್ರಹದ ಟಪಾಲು’, ಅದರ ಕೊನೆ.
ಟಪಾಲಿನವನು ಕಡೆಯ ಬಾಗಿಲ ಮುಂದೆ ನಿಂತು
ಬಡಿಯಲು ಕೈ ಎತ್ತುತ್ತಾನೆ.
ಆಮೇಲೆ ಬರೀ ಬಿಳಿ.
ನಾಲ್ಕು ನಿಮಿಷ, ಪರದೆ ತುಂಬ, ಮಾತಿಲ್ಲದ ಬಿಳಿ.
ಬಾಗಿಲು ಎಂದರೆ ಸಾವು, ಎಂದು ಟೀಚರ್ ಕಾಲೇಜು ಸಂಚಿಕೆಗೆ
ಒಂಬತ್ತು ಪುಟ ಬರೆದರು.
ಅಲ್ಲಾಹುವಿನ ಬೆಳಕು, ಎಂದರು ಕಾಕಾ.
ಉತ್ತಯ್ಯ ಹಿಮದಲ್ಲಿ ಕಾವಲು ನಿಂತ ರಾತ್ರಿಗಳಲ್ಲಿ
ಅದೇ ಬಿಳಿಯನ್ನು ಮತ್ತೆ ಮತ್ತೆ ನೋಡಿದರಂತೆ,
ನೋಡಿ ಹುಚ್ಚು ಹಿಡಿಯದೆ ಬಂದರಂತೆ.

ನಾನು ಮೂವತ್ತೆಂಟು ವರ್ಷ ಬಾಯಿ ಬಿಡಲಿಲ್ಲ.
ಆ ದಿನ ಏಕೆ ಬಿಟ್ಟೆನೋ. ಬಹುಶಃ
ಚಹಾ ತಣ್ಣಗಾಗಿತ್ತು, ಅಷ್ಟೇ.

ಒಂದೇ ದಿನ, ಒಂದೇ ಆಟ, ಒಂದೇ ಪ್ರಿಂಟು.
ಕುಶಾಲನಗರದಲ್ಲಿ ತೋರಿಸಿ ಮುಗಿದ ರೀಲನ್ನು
ಸೈಕಲ್ಲಿನಲ್ಲಿ ಇಲ್ಲಿಗೆ ತರುವ ಹುಡುಗ ನಾನು.
ಹದಿನಾಲ್ಕನೆಯದು, ಕೊನೆಯದು,
ಹಳೇ ಟ್ಯೂಬಿನಲ್ಲಿ ಬಿಗಿದು ಹೊರಟೆ.
ಆನೆಕಾಡಿನ ತಿರುವಿನಲ್ಲಿ ರಸ್ತೆ ಇರಲಿಲ್ಲ.
ಆನೆಗಳಿದ್ದವು.
ನಿಂತಿದ್ದವು, ಬಿದಿರು ಮುರಿಯುತ್ತಾ,
ಯಾರಿಗೂ ಎಲ್ಲಿಗೂ ತಡವಾಗಿಲ್ಲ ಎಂಬಂತೆ.
ಇತ್ತ ಸೆಲ್ವರಾಜು ಖಾಲಿ ಪ್ರೊಜೆಕ್ಟರಿನ ದೀಪ ಆರಿಸದೆ
ಕಿಟಕಿಯಿಂದ ರಸ್ತೆ ನೋಡುತ್ತಾ ಕೂತಿದ್ದ.
ನೀವು ನೋಡಿದ ಬಿಳಿ ಅದೇ.

ಅಂಗಡಿಯಲ್ಲಿ ಮೆಣಸಿನ ಘಾಟು ಮಾತ್ರ ಉಳಿಯಿತು.
ಕಾಕಾ ಸುಮ್ಮನೆ ತಕ್ಕಡಿ ಒರೆಸತೊಡಗಿದರು.
“ರೀಲಿನಲ್ಲಿ ಏನಿತ್ತು?” ಟೀಚರ್ ಕೇಳಿದರು.

ಆನೆಗಳು ಹೋದ ಮೇಲೆ, ಹನ್ನೊಂದೂವರೆಗೆ,
ಸೈಕಲ್ ತಲೆಕೆಳಗೆ ಮಾಡಿ ಕೈಯಲ್ಲೇ ಪೆಡಲ್ ತಿರುಗಿಸಿ
ಡೈನಮೋ ಬೆಳಕಿಗೆ ಒಂದು ಗೇಣು ಬಿಚ್ಚಿ ಹಿಡಿದಿದ್ದೆ.
ಮಂಚ. ಅದರ ಮೇಲೆ ಟಪಾಲಿನವನು, ನಿದ್ದೆಯಲ್ಲಿ.
ಚೊಂಬು ಹಿಡಿದ ತಾಯಿ. ಮುಂದಿನ ಚೌಕದಲ್ಲಿ ಚೊಂಬು
ಇನ್ನಿಷ್ಟು ಓರೆ. ಮುಂದಿನದರಲ್ಲಿ ನೀರು.
ಎಲ್ಲ ಕನಸು, ಏಳೋ ಮಗನೇ.
ಪಳಂಗಪ್ಪ ಬರೆದ ಕೊನೆ ಅದು.

“ಕತ್ತಲಿತ್ತು,” ಎಂದೆ. “ಏನೂ ಕಾಣಲಿಲ್ಲ.”

ಉತ್ತಯ್ಯ ಗಂಟಲು ಸರಿಮಾಡಿಕೊಂಡರು.
“ಆನೆ ಎಷ್ಟಿದ್ದವು?”
ಐದು, ಒಂದು ಮರಿ.
“ಹಾಗಾದರೆ ಆರು ಅನ್ನು. ಕಥೆ, ಚಿತ್ರಕಥೆ ಅಂತ
ಅವುಗಳ ಹೆಸರೂ ಬರಬೇಕಿತ್ತು ಪರದೆ ಮೇಲೆ.”
“ಬರಬಾರದು,” ಎಂದರು ಕಾಕಾ. “ಕೈ ಎತ್ತಿಸಿದ್ದು ಯಾರು?
ಎತ್ತದ ಕೈಯನ್ನು ಯಾವ ಆನೆ ತಡೆದೀತು?”
ಮತ್ತೆ ಹತ್ತಿಕೊಂಡಿತು. ಇನ್ನೊಂದು ಸುತ್ತು ಚಹಾ.

ಟೀಚರ್ ಮಾತ್ರ ನನ್ನನ್ನೇ ನೋಡುತ್ತಿದ್ದರು,
ಲೆಕ್ಕ ತಪ್ಪು, ಉತ್ತರ ಸರಿ ಬರೆದ ಹುಡುಗನನ್ನು
ನೋಡುವ ಹಾಗೆ;
ಮಾರ್ಕು ಕೊಡುವುದೋ ಬಿಡುವುದೋ.