ಬಿನ್ನವತ್ತಳೆಯ ಕರಡು

ಬಿನ್ನವತ್ತಳೆ ನೀನೇ ಬರಿ ಅಂದರು.
ಬರೆದೆ: ನಾವೀನ್ಯ ಸಂಶೋಧನೆಯ ಪಿತಾಮಹ,
ನಾಲ್ಕು ದಶಕಗಳ ಜ್ಞಾನತಪಸ್ವಿ.
ಸೊಣ್ಣಪ್ಪ ಮೇಷ್ಟ್ರಿಗೆ ತೋರಿಸಿದ್ದು ನನ್ನದೇ ತಪ್ಪು.
ಕಿವಿಯ ಹಿಂದಿನ ಪೆನ್ಸಿಲು ತೆಗೆದರು.
ಪಿತಾಮಹ ಹೋದ.
ತಪಸ್ವಿಯ ಜೊತೆಗೇ ಜ್ಞಾನವೂ ಹೋಯಿತು.
ಅಂಚಿನಲ್ಲಿ ಬಂತು ಹಳೆಯ ಪ್ರಶ್ನೆ,
ಇಪ್ಪತ್ತಾರು ವರ್ಷದಿಂದ ನನ್ನ ಪುಟಪುಟಕ್ಕೂ ಬಂದದ್ದು:
ಮೊದಲು ಮಾಡಿದ್ದು ಯಾರು?

ಮೊದಲ ಸಲ ಅವರ ಮುಂದೆ ಗ್ರಾಫು ಹರಡಿ ಕೂತಿದ್ದೆ,
ಹೊಸತು ಹೇಗೆ ಹಬ್ಬುತ್ತದೆ ಎಂಬುದಕ್ಕೆ ಬಾಣದ ಗುರುತು.
ನೋಡಿದರು. ಏನೂ ಅನ್ನಲಿಲ್ಲ.
ಮಾರನೇ ಬೆಳಿಗ್ಗೆ ಐದಕ್ಕೆ
ಶಿಡ್ಲಘಟ್ಟದ ಮೊದಲ ಬಸ್ಸು ಹತ್ತಿಸಿದರು.
ಗೂಡು ಬೇಯುವ ನಾತ ಬೀದಿಯ ತುದಿಗೇ ಎದುರಾಯಿತು.
ಕರ್ಚೀಫು ತೆಗೆದೆ. "ಒಳಗಿಡು" ಅಂದರು,
"ಆಯಮ್ಮ ಮೂವತ್ತು ವರ್ಷದಿಂದ ಇದನ್ನೇ ಉಸಿರಾಡ್ತಾಳೆ,
ನೀನು ಅರ್ಧ ಗಂಟೆ ಆಡು."

ಶಹಜಾದಿಬಿ. ಬಿಸಿನೀರಲ್ಲಿ ಬಿಳಿಚಿದ ಬೆರಳು.
ಎಂಟು ಗೂಡಿನ ಎಂಟು ತುದಿ ಹಿಡಿದು
ಒಂದೇ ಎಳೆ ಮಾಡಿ
ಗುಂಡಿಯ ತೂತಿನಲ್ಲಿ ತೂರಿಸುತ್ತಿದ್ದಳು.
ಮಗನ ಸ್ಕೂಲಂಗಿಯ ಗುಂಡಿ.
ಪಿಂಗಾಣಿಯದು ಒಡೆದ ದಿನ ಅಂಗಡಿ ಮುಚ್ಚಿತ್ತಂತೆ,
ಬೇಯುವ ಗೂಡು ಕಾಯುವುದಿಲ್ಲ.
ಆರೇ ತಿಂಗಳಲ್ಲಿ ಬೀದಿಯ ಚರಕಗಳಿಗೆಲ್ಲ ಗುಂಡಿ ಬಂತು,
ಬೀದಿಯ ಹುಡುಗರ ಅಂಗಿಗಳಿಗೆ ಪಿನ್ನು.

ಅದು ಮೇಷ್ಟ್ರ ಮೊದಲ ಪ್ರಬಂಧ.
ಹೊರದೇಶದ ಪತ್ರಿಕೆ ಒಪ್ಪಿತು, ಒಂದು ಷರತ್ತು:
ಹೆಸರು ಬೇಡ, ಸ್ಥಳೀಯ ಕುಶಲಕರ್ಮಿ ಅಂದರೆ ಸಾಕು.
ವಾಪಸು ತರಿಸಿಕೊಂಡರು.
ಆ ವರ್ಷ ರೀಡರ್ ಹುದ್ದೆ ಬೇರೆಯವರ ಪಾಲಾಯಿತು.
ಇದನ್ನು ಹೇಳಿದವರು ಅವರ ಹೆಂಡತಿ ಚಿನ್ನಕ್ಕಾಯಮ್ಮ,
ಅವರೆಕಾಳು ಹಿಸುಕುತ್ತಾ, ಬೇಳೆ ಚಿಮ್ಮಿಸುತ್ತಾ,
ಬೇರೆ ಯಾರದೋ ಸುದ್ದಿಯ ಹಾಗೆ.

ದಾರಿದೀಪ ಅಂತಲೂ ಬರೆದಿದ್ದೆ. ಅದೂ ಹೋಯಿತು.
ಸರಿಯೇ. ಬೆಳಕು ಗಿಳಕು ತೋರಿಸಿದ ನೆನಪಿಲ್ಲ ನನಗೆ.
ಮೂರನೇ ಅಧ್ಯಾಯ ಏಳು ಸಲ ಹಿಂದಿರುಗಿಸಿದ್ದು ನೆನಪಿದೆ.
ಬಸುರಿಯಾಗಿ ಮಲಗಿದ್ದಾಗ
"ಸೆಮಿನಾರು ನಿಮ್ಮ ಮನೇಲೇ ಇಟ್ಕೊಂಡ್ರಾಯ್ತು" ಎಂದು
ಒಂಬತ್ತು ಜನ, ಎರಡು ಚಾಪೆ, ಒಂದು ಚೀಲ ಕಡಲೆಕಾಯಿ
ಹೊತ್ತು ತಂದದ್ದು.
ನನ್ನ ತಪ್ಪು ಅಂಕಿಯನ್ನು ಎಲ್ಲರೆದುರು ಎತ್ತಿ ಆಡಿ
ಮುಂದಿನ ಸಂಚಿಕೆಯಲ್ಲಿ ತಮ್ಮದೊಂದು ತಪ್ಪನ್ನು
ದಪ್ಪಕ್ಷರದಲ್ಲಿ ಅಚ್ಚು ಹಾಕಿಸಿದ್ದು.

ಸಂಜೆ, ರೀಲರುಗಳ ಸಂಘದ ಹಾಲು. ಪೇಟ, ಹಾರ, ಶಾಲು.
ಭಾಷಣಗಳ ನಡುವೆ ಮೇಷ್ಟ್ರು ಕನ್ನಡಕ ಹಣೆಗೇರಿಸಿ
ಶಾಲಿನ ಮಗ್ಗುಲು ಮಗುಚಿ
ಎಳೆ ಕಿತ್ತು ಗಂಟು ಬಿದ್ದಲ್ಲಿ ಬೆರಳಾಡಿಸುತ್ತಿದ್ದರು.
ನನ್ನ ಸರದಿ ಬಂತು. ಕರಡು ಬಿಡಿಸಿದೆ.
ಉಳಿದದ್ದು ಹನ್ನೊಂದು ಸಾಲು, ಬಹಳ ಮಟ್ಟಿಗೆ ಹೆಸರುಗಳು.
ಶಹಜಾದಿಬಿ, ಗುಂಡಿ.
ಗುರ್ರಪ್ಪ, ಚಂದ್ರಿಕೆಗೆ ಸೈಕಲ್ ಟ್ಯೂಬಿನ ಕಟ್ಟು.
ಒಲೆಯ ಹೊಗೆಗೆ ಎರಡನೇ ಕಿಂಡಿ: ಯಾರೋ ತಿಳಿಯದು, ಹುಡುಕುತ್ತಿದ್ದೇವೆ.

ಹಿಂದಿನ ಸಾಲಿನಲ್ಲಿ ಕುರ್ಚಿ ಕಿರುಗುಟ್ಟಿತು.
ನಡುವಯಸ್ಸಿನ ಗಂಡಸು, ಬಿಳಿ ಟೋಪಿ.
"ಆ ಅಂಗಿ ನಂದು ಸಾರ್."

ಪೇಟದೊಳಗೆ ಕೈಹಾಕಿ ಪೆನ್ಸಿಲು ಹುಡುಕಿ
ಮೇಷ್ಟ್ರು ಮೈಕು ಮರೆತು ಕೂಗಿದರು:
"ನಿನ್ನ ಹೆಸರು ಬರ್ಕೊಂಡೇ ಇರ್ಲಿಲ್ಲವಲ್ಲಪ್ಪ, ಹೇಳು."